ಮಡಿ ಉಟ್ಟ ಜನರೇಟರ್

ಯಂತ್ರ ಕೆಟ್ಟರೆ ಸರಿ ಮಾಡಬಹುದು. ಯಂತ್ರದ ಸುತ್ತ ಕೈಕಟ್ಟಿ ನಿಂತು ಸಲಹೆ ಕೊಡುವ ಮಂದಿಯನ್ನು ಸರಿ ಮಾಡುವ ಸ್ಪ್ಯಾನರ್ ಮಾತ್ರ ಇನ್ನೂ ಯಾವ ಅಂಗಡಿಗೂ ಬಂದಿಲ್ಲ. ರಾಯಚೂರಿನಲ್ಲಿ ಕೂತು ಜನರೇಟರ್ ಡಿಸೈನ್ ಮಾಡುವ ಹೆಂಗಸು ಅಂದಮೇಲೆ ಕೇಳಬೇಕೆ, ಇಂಥವು ನಡೆಯುತ್ತಲೇ ಇರುತ್ತವೆ. ನಾನು ಸಿಟ್ಟು ಮಾಡಿಕೊಳ್ಳುವುದನ್ನು ಬಿಟ್ಟುಬಿಟ್ಟಿದ್ದೇನೆ. ಹಾಗಂತ ನಾನು ಹೇಳುತ್ತೇನೆ. ನಮ್ಮ ಮನೆಯವರನ್ನು ಕೇಳಲು ಹೋಗಬೇಡಿ.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಜನರೇಟರಿಗೆ ಒಂದು ಮಿದುಳು ಇರುತ್ತದೆ, ಅಂಗೈಯಗಲದ ಒಂದು ಬೋರ್ಡು. ಕರೆಂಟು ಏರದಂತೆ, ಇಳಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ನಮ್ಮ ಕಡೆಯ ಅಕ್ಕಿ ಗಿರಣಿ, ಹತ್ತಿ ಜಿನ್ನಿಂಗ್ ಮಿಲ್ಲುಗಳಲ್ಲಿ ಜನರೇಟರಿನ ಮಗ್ಗುಲಿಗೇ ದೊಡ್ಡ ಮೋಟಾರು, ವೆಲ್ಡಿಂಗ್ ಮಿಷನ್ನು, ನೆಲ್ಲು ಅಂದರೆ ಭತ್ತ, ಅದರೊಳಗಿನ ಮೊಳೆ ಹಿಡಿಯುವ ಅಯಸ್ಕಾಂತ ಎಲ್ಲ ಇಟ್ಟಿರುತ್ತಾರೆ. ಅಯಸ್ಕಾಂತದ ಗಾಳಿ ಸೋಕಿತೆಂದರೆ ಆ ಬೋರ್ಡಿಗೆ ತಲೆ ಕೆಡುತ್ತದೆ. ಬಲ್ಬು ಒಮ್ಮೆ ಧಗ್ಗೆಂದು ಒಮ್ಮೆ ಮಂಕಾಗುತ್ತದೆ, ಮೋಟಾರು ಗೊರಕೆ ಹೊಡೆಯುತ್ತದೆ. ಆ ಗಾಳಿ ಸೋಕದ ಜನರೇಟರ್ ಮಾಡಬೇಕು ಅನ್ನುವುದು ನನ್ನ ಹುಚ್ಚು.

ಹುಚ್ಚಿಗೆ ಒಂದು ಗಡುವೂ ಇತ್ತು. ನನ್ನ ಶೆಡ್ ಇರುವುದು ಮಾವನವರ ಜಾಗದಲ್ಲಿ. ಮಾವನವರು ನಿವೃತ್ತ ಸಂಸ್ಕೃತ ಮೇಷ್ಟ್ರು, ಈಗಲೂ ಮಠದಲ್ಲಿ ಪಾಠ ಹೇಳುತ್ತಾರೆ. ಒಂದು ದಿನ ಊಟದ ಎಲೆಯ ಮುಂದೆ ಕೂತು ತೀರ್ಪು ಕೊಟ್ಟರು: "ನೋಡವಾ, ಯುಗಾದಿಯೊಳಗ ಒಂದರ ಮಿಷನ್ ಮಾರು, ಶೆಡ್ ನಿಂದು. ಇಲ್ಲಂದ್ರ ಭಜನಾ ಮಂಡಳಿಯವರು ಜಾಗಾ ಕೇಳ್ಯಾರ, ಅವರಿಗೆ ಕೊಟ್ಟುಬಿಡ್ತೀನಿ."

ನಮ್ಮ ಮನೆಯವರು ಬ್ಯಾಂಕಿನವರು. ಅಪ್ಪ ಮತ್ತು ಹೆಂಡತಿ ಇಬ್ಬರ ನಡುವೆ ಬಾಯಿ ಹಾಕುವುದು ಶುದ್ಧ ನಷ್ಟದ ವ್ಯವಹಾರ ಎಂದು ಅವರಿಗೆ ಚೆನ್ನಾಗಿ ಗೊತ್ತು. ಟಿವಿಯ ಸೌಂಡ್ ಸ್ವಲ್ಪ ಹೆಚ್ಚು ಮಾಡಿದರು. ಮರುದಿನವೇ ಭಜನಾ ಮಂಡಳಿಯ ಹೆಂಗಸರು ಟೇಪು ಹಿಡಿದುಕೊಂಡು ಬಂದು ನನ್ನ ಶೆಡ್ಡಿನ ಕಿಟಕಿ ಅಳೆದು, ಪರದೆ ಹಳದಿಯದೋ ಕೆಂಪಿನದೋ ಎಂದು ನನ್ನೆದುರಿಗೇ ಜಗಳ ಶುರು ಮಾಡಿದರು.

ಅರ್ಥವಾದದ್ದೇ ತಪ್ಪಾಯಿತು

ಮೊದಲ ಮಿಷನ್ ತಯಾರಾಗುತ್ತಿತ್ತು. ಮಾವನವರು ಬಂದು, ಬೋರ್ಡಿನ ಸುತ್ತ ನಾನು ಕೂಡಿಸುತ್ತಿದ್ದ ಲೋಹದ ಕವಚ ನೋಡಿದರು.

"ಅಲ್ಲವಾ, ಇಷ್ಟೇ ಇಷ್ಟು ಬೋರ್ಡಿಗೆ ಇಷ್ಟು ದೊಡ್ಡ ಡಬ್ಬಿ ಯಾಕ?"

"ಹೊರಗಿನ ಅಯಸ್ಕಾಂತದ ಪ್ರಭಾವ ತಾಗಬಾರದು ಮಾವನವರ."

"ಮುಟ್ಟಿದ್ರ ಕೆಡ್ತದೇನು?"

"ಮುಟ್ಟೋದೇ ಬ್ಯಾಡ, ಹತ್ರ ಸುಳದ್ರ ಸಾಕು."

ಮಾವನವರು ಡಬ್ಬಿಯ ಸುತ್ತ ಒಂದು ಸುತ್ತು ಹಾಕಿದರು. ಆಮೇಲೆ ಮುಖ ಅರಳಿತು. "ಹಂಗಂದ್ರ ಮಡಿ ಅನ್ನು! ಇದನ್ನ ಕಲೀಲಿಕ್ಕೆ ಇಂಜಿನಿಯರಿಂಗ್ ಕಾಲೇಜಿಗೆ ಹೋಗಬೇಕಿತ್ತೇನು? ನಿಮ್ಮತ್ತಿ ಒಲಿ ಮುಂದ ಕೂತು ದಿನಾ ಇದನ್ನೇ ಮಾಡ್ತಿದ್ದಳಲ್ಲ."

ನನಗೆ ಬಹಳ ಖುಷಿಯಾಯಿತು. ನನ್ನ ಕೆಲಸ ಮನೆಯಲ್ಲಿ ಒಬ್ಬರಿಗಾದರೂ ಅರ್ಥವಾಯಿತಲ್ಲ ಎಂದು ಆ ದಿನ ಅವರಿಗೆ ಇಷ್ಟವಾದ ಸಿಹಿ, ಹಯಗ್ರೀವ ಮಾಡಿದೆ. ಆ ಹಯಗ್ರೀವವೇ ನನಗೆ ಮುಳುವಾಯಿತು. ಮರುದಿನ ಬೆಳಿಗ್ಗೆ ಮಾವನವರು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾವಲಿಗೆ ಕೂತುಬಿಟ್ಟರು.

ಅದೇ ಹೊತ್ತಿಗೆ ಬಸ್ ಸ್ಟ್ಯಾಂಡ್ ಕಡೆಯ ಹೋಟೆಲಿನ ಮಾಲೀಕರು ಜನರೇಟರ್ ನೋಡಲು ಬಂದರು. ಅಪರೂಪಕ್ಕೆ ಒಬ್ಬ ಗಿರಾಕಿ. ನಾನು ಒಳಗಿನಿಂದ ಕೈ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಮಾವನವರ ದನಿ ಕೇಳಿಸಿತು.

"ಹಾಂ ಹಾಂ, ಅಲ್ಲೇ ನಿಂದರ್ರಿ. ಒಳಗ ಮಡಿಯಾಗ ಅದ."

"ಯಾರು ರೀ?"

"ಜನರೇಟರು."

ಹೋಟೆಲಿನವರು ಪಾಪ ಎರಡು ಹೆಜ್ಜೆ ಹಿಂದೆ ಸರಿದು, ಚಪ್ಪಲಿ ಬಿಟ್ಟು ಕೈಮುಗಿದರು. ಮಾವನವರು ಬಿಡಲಿಲ್ಲ. "ಸ್ನಾನ ಆಗೇದೇನು?"

"ಇಲ್ರೀ ಆಚಾರ್ರ. ನಾಷ್ಟಾ ಆಗೇದ."

"ಹಂಗಾರ ಸ್ನಾನ ಮಾಡ್ಕೊಂಡು ಬರ್ರಿ."

ಹೋದವರು ತಿರುಗಿ ಬರಲಿಲ್ಲ. ಎರಡು ಓಣಿ ಆಚೆ, ಸ್ನಾನದ ಸುದ್ದಿ ಎತ್ತದ ಅಂಗಡಿಯಲ್ಲಿ ಬೇರೆ ಜನರೇಟರ್ ಕೊಂಡರಂತೆ. ನಾನು ಮಾವನವರ ಮುಂದೆ ಅತ್ತೇಬಿಡುವವಳಿದ್ದೆ. ಅವರು ನನ್ನನ್ನೇ ಸಮಾಧಾನ ಮಾಡಿದರು: "ಹೋದ್ರ ಹೋಗ್ಲಿ ಬಿಡವಾ. ಹೋಟೆಲ್ ನಡಸೋವ ಸ್ನಾನ ಮಾಡಂಗಿಲ್ಲ ಅಂತ ಇವತ್ತರ ಗೊತ್ತಾತಲ್ಲ."

ಕೊನೆಗೆ ನಿಜವಾದ ನಷ್ಟವಾದದ್ದು ನಮ್ಮ ಮನೆಯವರಿಗೆ. ದಿನಾ ಬ್ಯಾಂಕಿಗೆ ಹೋಗುವಾಗ ಅದೇ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದರು. ಮಾವನವರ ಅಪ್ಪಣೆಯಂತೆ ಅದು ಅಂದಿನಿಂದ ಬಂದ್.

ಜಾಲಹಳ್ಳಿಯ ಮೊಣಕಾಲು

ನನ್ನ ಶೆಡ್ಡಿನಲ್ಲಿ ಬೆಸುಗೆ, ಫಿಟ್ಟಿಂಗ್ ಎಲ್ಲ ಮಾಡುವವನು ಒಬ್ಬ ಮಿಸ್ತ್ರಿ. ದೇವದುರ್ಗ ತಾಲೂಕಿನ ಜಾಲಹಳ್ಳಿಯವನು, ಒಕ್ಕಲುತನದ ಮನೆಯವನು. ಕೆಲಸ ಚೊಕ್ಕ, ಬಾಯಿ ಮಾತ್ರ ಊರಗಲ. ನಾವು ಹಳೆಯ ಲೌಡ್‌ಸ್ಪೀಕರುಗಳ ಅಯಸ್ಕಾಂತ ತಂದು ಜನರೇಟರಿನ ಸುತ್ತ ಆಡಿಸಿ ಪರೀಕ್ಷೆ ಮಾಡುತ್ತೇವೆ ಎಂಬ ಸುದ್ದಿಯನ್ನು ಊರಿಗೆ ಮುಟ್ಟಿಸಿದವನು ಅವನೇ. ಸುದ್ದಿ ಹೋದ ಬಸ್ಸಿನಲ್ಲೇ ಅವನ ತಾಯಿ ಬಂದಳು.

"ನಮ್ಮವ್ವನ ಮೊಣಕಾಲು ಹಿಡದಾವ್ರೀ ಅಕ್ಕಾರ" ಅಂದ ಮಿಸ್ತ್ರಿ. "ಮ್ಯಾಗ್ನೆಟ್ ಪಟ್ಟಿ ಕಟ್ಕೊಂಡ್ರ ನೋವು ಹೋಗ್ತದಂತ ಟಿವ್ಯಾಗ ತೋರಸ್ತಾರಲ್ರೀ. ಪಟ್ಟಿ ಯಾಕ, ಮಿಷನ್ನೇ ಅದ. ಮಗ್ಗಲಕ್ಕ ಚೂರು ಕುಂದ್ರಸ್ತೀನ್ರೀ."

ನಾನು ಒಂದು ಸ್ಟೂಲಿನ ಮೇಲೆ ಕೂತು ಆ ತಾಯಿಗೆ ಎಲ್ಲ ಬಿಡಿಸಿ ಹೇಳಿದೆ. ಈ ಮಿಷನ್ನಿನ ಗುಣವೇ ಬೇರೆ, ಇದರೊಳಗೆ ಅಯಸ್ಕಾಂತದ ಪ್ರಭಾವ ಹೋಗದಂತೆ ತಡೆಯುವುದೇ ಇದರ ಹೆಚ್ಚುಗಾರಿಕೆ, ಮೊಣಕಾಲಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ ಎಂದೆಲ್ಲ. ಆಕೆ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು ಶ್ರದ್ಧೆಯಿಂದ ಕೇಳಿದಳು. ಕೇಳಿ ಮುಗಿದ ಮೇಲೆ, "ಹೌದವ್ವಾ, ಖರೇ ಅದ" ಅಂದು, ಎರಡೂ ಕಾಲು ಚಾಚಿ ಜನರೇಟರಿಗೆ ಒರಗಿ ಕೂತಳು.

ಮಧ್ಯಾಹ್ನದವರೆಗೆ ಕೂತಿದ್ದಳು. ಬುತ್ತಿ ಬಿಚ್ಚಿ ಜೋಳದ ರೊಟ್ಟಿ, ಪುಂಡಿಪಲ್ಯ ತಾನೂ ಉಂಡು ನನಗೂ ಕೊಟ್ಟಳು. ಆಮೇಲೆ ಎದ್ದು ನಿಂತು, ಶೆಡ್ಡಿನಲ್ಲಿ ಒಂದು ಸುತ್ತು ಹಾಕಿದಳು.

"ಯವ್ವಾ, ಅರ್ಧಾ ನೋವು ಹೋತು ನೋಡು!"

"ಯವ್ವಾ, ಮಿಷನ್ ಮುಂಜಾನಿಂದ ಬಂದ್ ಅದ" ಅಂದೆ.

"ಬಂದ್ ಇದ್ದಾಗೇ ಇಷ್ಟು ಗುಣ. ಚಾಲೂ ಮಾಡಿದ್ದೀ ಅಂದ್ರ ನಾ ಬಸ್ ಹತ್ತತಿರಲಿಲ್ಲ, ನಡಕೊಂತೇ ಜಾಲಹಳ್ಳಿ ಮುಟ್ಟತಿದ್ದೆ."

ಮುಂದಿನ ವಾರದಿಂದ ಶೆಡ್ಡಿನ ಮುಂದೆ ಸಾಲು. ಗಿರಣಿಯವರಲ್ಲ, ಬರೀ ಮೊಣಕಾಲುಗಳು. ಕಿಟಕಿ ಅಳೆಯಲು ಬರುತ್ತಿದ್ದ ಭಜನಾ ಮಂಡಳಿಯವರೂ ಅಳೆಯುವುದನ್ನು ಬಿಟ್ಟು ಸೀರೆ ಚೂರು ಮೇಲೆತ್ತಿ ಕೂತರು. ನಾನು ಕೂಗಾಡಿದೆ, ಇಲ್ಲಿ ಕೂರಬಾರದು ಎಂದು ಫಲಕ ಬರೆಸಿದೆ. ಫಲಕಕ್ಕೆ ಬೆನ್ನು ಕೊಟ್ಟು ಕೂತರು. ಎದ್ದು ಹೋಗುವಾಗ ಮಂಡಳಿಯ ಅಧ್ಯಕ್ಷೆ ನನ್ನ ಗಲ್ಲ ಹಿಡಿದು ಪ್ರೀತಿಯಿಂದ ಹೇಳಿದರು: "ಯುಗಾದಿಗೆ ಶೆಡ್ ಬಿಡ್ತೀ ಅಲ್ಲ, ನಿನ್ನ ಸಾಮಾನೆಲ್ಲ ಒಯ್ಯಿ. ಆದ್ರ ಈ ಮಿಷನ್ ಇಲ್ಲೇ ಇರ್ಲಿ ನಮ್ಮವ್ವಾ."

ರೊಟ್ಟಿ ಉಬ್ಬಿತು

ಅಂತೂ ದೇವದುರ್ಗದ ಕಡೆಯ ಒಂದು ಜಿನ್ನಿಂಗ್ ಮಿಲ್ಲಿನವರು ಜನರೇಟರ್ ಒಂದು ದಿನ ನಡೆಸಿ ನೋಡಲು ಒಪ್ಪಿದರು. ಮಿಷನ್ನನ್ನು ಗೂಡ್ಸ್ ಗಾಡಿಯಲ್ಲಿ ಹೊತ್ತುಕೊಂಡು ಮಿಸ್ತ್ರಿಯೂ ನಾನೂ ಹೋದೆವು.

ಆಗಿನ ನನ್ನ ಡಿಸೈನಿನಲ್ಲಿ ಕವಚದ ಮುಚ್ಚಳ ದುಂಡಗಿನ ಚಪ್ಪಟೆ ತಟ್ಟೆ. ನಿಕ್ಕಲ್ ಬೆರೆಸಿದ ವಿಶೇಷ ಲೋಹ, ದೂರದಿಂದ ಹೇಳಿ ತರಿಸಿದ್ದು. ರಿಪೇರಿಗೆ ಅನುಕೂಲವಾಗಲಿ ಎಂದು ಕೈಯಿಂದಲೇ ತಿರುಗಿಸಿ ಬಿಚ್ಚುವ ಚಿಟ್ಟೆ ನಟ್ಟು ಹಾಕಿದ್ದೆ. ಆ ಚಿಟ್ಟೆ ನಟ್ಟಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಬೆಳಿಗ್ಗೆ ಚಾಲೂ ಮಾಡಿದೆವು. ಜಿನ್ನಿಂಗ್ ಮಿಷನ್ನುಗಳು ಭರ್ರೆಂದು ತಿರುಗಿದವು, ಬಲ್ಬು ಒಂದು ಕೂದಲೆಳೆ ಅಲುಗಲಿಲ್ಲ. ಮಾಲೀಕರು ತಲೆದೂಗಿದರು. "ಸಂಜಿಗೆ ಮಾತು ಮುಗಸೋಣ ಬಿಡ್ರಿ." ನಾನು ಗಾಳಿಯಲ್ಲಿ ತೇಲುತ್ತ ಮಿಸ್ತ್ರಿಯ ಜೊತೆ ಬಸ್ ಸ್ಟ್ಯಾಂಡಿಗೆ ಹೋಗಿ ಚಹಾ ಕುಡಿದು, ಮಿರ್ಚಿ ಭಜಿ ತಿಂದು ಬಂದೆ. ಬರುವಷ್ಟರಲ್ಲಿ ಬಲ್ಬುಗಳು ಕುಣಿಯುತ್ತಿದ್ದವು. ಮಾಲೀಕರು ಬಾಗಿಲಲ್ಲೇ ಸಿಕ್ಕರು.

"ಏನ್ರೀ ಅಕ್ಕಾರ ಇದು, ಮದುವಿ ಮನಿ ಸೀರಿಯಲ್ ಸೆಟ್ ಹಾಕೀರೇನು?"

ಓಡಿಹೋಗಿ ನೋಡಿದರೆ ಬೋರ್ಡಿನ ಮೇಲಿನ ಮುಚ್ಚಳವೇ ಇಲ್ಲ. ನಟ್ಟುಗಳನ್ನು ಯಾರೋ ನೀಟಾಗಿ ಬಿಚ್ಚಿ ಪಕ್ಕಕ್ಕೆ ಜೋಡಿಸಿಟ್ಟಿದ್ದಾರೆ. ಮಿಸ್ತ್ರಿ ಹತ್ತಿಯ ರಾಶಿಯ ಹಿಂದೆಲ್ಲ ಹುಡುಕಿದ. ನಾನು ಗೋಡೆಯ ಆಚೆಯಿಂದ ಬರುತ್ತಿದ್ದ ವಾಸನೆ ಹಿಡಿದು ಹೋದೆ. ಅಲ್ಲಿ ಮೂರು ಕಲ್ಲಿನ ಒಲೆ, ಒಲೆಯ ಮೇಲೆ ನನ್ನ ಮುಚ್ಚಳ, ಮುಚ್ಚಳದ ಮೇಲೆ ಜೋಳದ ರೊಟ್ಟಿ. ಮಿಲ್ಲಿನ ಹೆಣ್ಣಾಳು ಒಬ್ಬಳು ಒದ್ದೆ ಅರಿವೆಯಿಂದ ಅದಕ್ಕೆ ನೀರು ಸವರುತ್ತಿದ್ದಳು.

"ಯವ್ವಾ, ಅದು ರೊಟ್ಟಿ ಹಂಚಲ್ಲ!" ಅಂದೆ.

"ಮತ್ತೇನು?"

"ಅಯಸ್ಕಾಂತ ತಡಿಯೋ ತಗಡು."

ಆಕೆ ರೊಟ್ಟಿ ಮಗುಚಿ ಹಾಕಿದಳು. ಅದು ಪುರಿಯ ಹಾಗೆ ಉಬ್ಬಿತು. "ಉಬ್ಬತದ ನೋಡು" ಅಂದಳು. "ಉಬ್ಬಿದ್ರ ಅದು ಹಂಚೇ."

ಬೆಂಕಿಗೆ ಕಾದು, ತಣ್ಣೀರು ಬಿದ್ದು, ಮೇಲಿಂದ ಬಡಿತ ತಿಂದು ಆ ಲೋಹದ ಗುಣವೆಲ್ಲ ಹೋಗಿತ್ತು. ನನಗೆ ಕಣ್ಣಲ್ಲಿ ನೀರು ಬಂತು. ಹೊಗೆಗೆ ಅಂದುಕೊಂಡು ಆಕೆ ನನ್ನನ್ನು ಪಕ್ಕಕ್ಕೆ ಕೂಡಿಸಿ, ಬಿಸಿ ರೊಟ್ಟಿಯ ಮೇಲೆ ಶೇಂಗಾ ಚಟ್ನಿಪುಡಿ ಹಾಕಿ ಕೈಗೆ ಕೊಟ್ಟಳು. ಸುಳ್ಳು ಯಾಕೆ ಹೇಳಲಿ, ಅಷ್ಟು ಸಮನಾಗಿ ಬೆಂದ ರೊಟ್ಟಿಯನ್ನು ನಾನು ಅಲ್ಲಿಯವರೆಗೆ ತಿಂದಿರಲಿಲ್ಲ. ಹುಡುಕಿಕೊಂಡು ಬಂದ ಮಾಲೀಕರೂ ಕೂತರು, ತಿಂದರು, ಮತ್ತೊಂದು ಹಾಕಿಸಿಕೊಂಡರು. ಆಮೇಲೆ ಮೀಸೆ ಒರೆಸಿಕೊಂಡು ವ್ಯವಹಾರಕ್ಕೆ ಇಳಿದರು.

"ಜನರೇಟರ್ ಬ್ಯಾಡ್ರೀ ಅಕ್ಕಾರ. ಈ ಹಂಚು ಇನ್ನೊಂದಿಷ್ಟು ಸಿಗ್ತಾವೇನು?"

ಒಂದು ಬೊಟ್ಟು ಅಂಗಾರ

ವಾಪಸ್ ಬರುವ ದಾರಿಯಲ್ಲೇ ಸಿಟ್ಟಿನಲ್ಲಿ ಹೊಸ ಡಿಸೈನ್ ಮಾಡಿದೆ. ಬಿಚ್ಚುವಂಥದ್ದು ಇಟ್ಟರೆ ತಾನೆ ಬಿಚ್ಚುವುದು? ಒಳಗೊಂದು ತೆಳುವಾದ ಒಳ್ಳೆಯ ತಗಡು, ಹೊರಗೆ ದಪ್ಪ ಮೆದು ಕಬ್ಬಿಣದ ಕವಚ, ಸುತ್ತಲೂ ಬೆಸುಗೆ. ನಟ್ಟಿಲ್ಲ, ಮುಚ್ಚಳವಿಲ್ಲ. ಯಾವ ಅಯಸ್ಕಾಂತವೂ ಒಳಗೆ ಹೋಗಬಾರದು, ಯಾವ ಹೆಣ್ಣುಮಗಳೂ ಹೊರಗೆ ತೆಗೆಯಬಾರದು. ಮಿಸ್ತ್ರಿ ಕೇಳಿ, "ತಿಜೋರಿ ಮಾಡಿದಂಗ ಮಾಡಾಕತ್ತೀರಲ್ರೀ" ಅಂದ. ಹೌದು ಅಂದೆ.

ಬೆಸುಗೆ ಹಾಕುವ ಮೊದಲು ಪೂಜೆ ಆಗಬೇಕೆಂದು ಮಾವನವರ ಹಟ. ಬೇಡ ಅನ್ನಲು ನನಗೆ ಬಾಯಿಲ್ಲ, ಶೆಡ್ ಅವರದು. ಜನರೇಟರ್ ಚಾಲೂ ಇಟ್ಟು, ಮೇಲೆ ಸಾಲಾಗಿ ಬಲ್ಬು ಹಚ್ಚಿ, ಹೂವು ಏರಿಸಿದೆವು. ಆಗಲೇ ಜಮಖಾನೆ ತಂದು ಶೆಡ್ಡಿನ ಮೂಲೆಗೆ ಇಟ್ಟಿದ್ದ ಭಜನಾ ಮಂಡಳಿಯವರು ಆರತಿ ಹಾಡು ಎತ್ತಿಕೊಂಡರು. ನಾನು ಕಣ್ಣು ಮುಚ್ಚಿ ಕೈಮುಗಿದಿದ್ದೆ. ಆ ಗಳಿಗೆಯಲ್ಲೇ ಮಾವನವರು ತೆರೆದಿದ್ದ ಕವಚದೊಳಗೆ ಕೈ ಹಾಕಿ, ಬೋರ್ಡಿನ ಹಣೆ ಎಲ್ಲಿದೆ ಎಂದು ಊಹಿಸಿ, ತಮ್ಮ ಹಣೆಗೆ ಇಟ್ಟುಕೊಂಡಂತೆಯೇ ಒಂದು ಗೀಟು ಅಂಗಾರ ಎಳೆದು, ಕೆಳಗೆ ಅಕ್ಷತೆಯ ಬೊಟ್ಟು ಇಟ್ಟರು.

ಅಂಗಾರ ಅಂದರೆ ಇದ್ದಿಲು ತೇಯ್ದದ್ದು. ಇದ್ದಿಲಿನಲ್ಲಿ ಕರೆಂಟು ಹರಿಯುತ್ತದೆ. ಅವರ ಬೆರಳಿಗೆ ಶಾಕ್ ಹೊಡೆಯದೆ ಉಳಿದದ್ದು ದೇವರ ದಯೆ. ಆದರೆ ಬೋರ್ಡಿಗೆ ತಲೆ ತಿರುಗಿ ವೋಲ್ಟೇಜು ಗಗನಕ್ಕೆ ಏರಿತು. ಬಲ್ಬುಗಳು ಫಟ್ ಫಟ್ ಫಟ್ ಎಂದು ಒಂದರ ಹಿಂದೊಂದು ಸಿಡಿದವು. ಹಾಡು ನಿಂತಿತು, ಮಂಡಳಿಯವರು ಜಮಖಾನೆಯ ಹಿಂದೆ ಅಡಗಿದರು.

"ಮಾವನವರ, ಒಳಗ ಯಾಕ ಹಚ್ಚಿದ್ರಿ?" ಎಂದು ಕೂಗಿದೆ.

"ಮತ್ತ ನಾಳಿ ಪರಊರಿಗೆ ಹೋಗೋ ಮಿಷನ್ನು, ಯಾರ ಮನೀದು ಅಂತ ಗೊತ್ತಾಗಬ್ಯಾಡೇನು?"

ಸ್ಪಿರಿಟ್ ಹಾಕಿ ಒರೆಸಿ, ಅವರು ಸಂಧ್ಯಾವಂದನೆಗೆ ಎದ್ದ ಸಮಯ ನೋಡಿ ಬೆಸುಗೆ ಹಾಕಿಸಿಬಿಟ್ಟೆ. ಮಾವನವರಿಗೆ ಇಂದಿಗೂ ಅಸಮಾಧಾನವಿದೆ. ಅವರ ಪ್ರಕಾರ ಅಂದು ಬಲ್ಬು ಸಿಡಿದದ್ದು ನನ್ನ ವೈರಿಂಗಿನ ದೋಷ.

ಮಾನ್ವಿಯ ಅಪ್ಪುಗೆ

ಯುಗಾದಿ ಹೊಸ್ತಿಲಿಗೆ ಬಂದಿತ್ತು. ಉಳಿದದ್ದು ಒಂದೇ ಆಸೆ. ಕಲ್ಲೂರಿನ ಸಾಹುಕಾರರೊಬ್ಬರ ಅಕ್ಕಿ ಗಿರಣಿ ಮಾನ್ವಿಯಲ್ಲಿದೆ. "ತಂದು ನಡಸಿ ತೋರಸ್ರಿ, ಸರಿ ಅನಿಸಿದ್ರ ಇಟ್ಕೋತೀನಿ, ಇಲ್ಲಂದ್ರ ಗಾಡಿ ಹಿಂದಕ ತಿರುಗಸ್ರಿ" ಅಂದಿದ್ದರು. ಗೂಡ್ಸ್ ಗಾಡಿಯ ಮುಂದಿನ ಸೀಟಿನಲ್ಲಿ ಮಾವನವರು, ತಂಬಿಗೆಯಲ್ಲಿ ಮನೆಯ ನೀರು ಹಿಡಿದುಕೊಂಡು. ದಾರಿಯಲ್ಲಿ ಮಿಷನ್ನಿನ ಮಡಿ ಕೆಡದಂತೆ ನೋಡಿಕೊಳ್ಳಲು ಬಂದಿದ್ದರು. ಹಿಂದೆ ಜನರೇಟರಿನ ಜೊತೆ ಮಿಸ್ತ್ರಿ ಮತ್ತು ನಾನು. ದಾರಿಯುದ್ದಕ್ಕೂ ನನಗೆ ಆ ಹಳದಿ ಪರದೆಯೇ ಕಣ್ಣಮುಂದೆ ಬರುತ್ತಿತ್ತು.

ಗಿರಣಿಯಲ್ಲಿ ಜನರೇಟರ್ ಚಾಲೂ ಆಯಿತು. ನೆಲ್ಲು ಇಳಿಯಿತು, ಅಕ್ಕಿ ಬಂತು, ತೌಡು ಹಾರಿತು. ಬಲ್ಬುಗಳು ಅಲುಗಲಿಲ್ಲ. ಸಾಹುಕಾರರು ಕುರ್ಚಿ ಹಾಕಿಕೊಂಡು ಬಲ್ಬನ್ನೇ ದಿಟ್ಟಿಸುತ್ತ ಕೂತರು. ಅವರಿಗೆ ಬಲ್ಬು ಒಂದು ಸಲವಾದರೂ ಮಿಣುಕಲಿ ಎಂಬ ಆಸೆ. ಮಿಣುಕದಿದ್ದರೆ ಚೌಕಾಶಿಗೆ ದಾರಿಯೇ ಇಲ್ಲವಲ್ಲ.

"ಹಿಂಗ ಸುಮ್ಮನ ನಡದ್ರ ನಂಬೋದು ಹೆಂಗ್ರೀ?" ಅಂದರು ಕೊನೆಗೆ. "ನಮ್ಮ ಮೊಳಿ ಹಿಡಿಯೋ ಮ್ಯಾಗ್ನೆಟ್ ತರಸ್ತೀನಿ. ಅದರ ಮುಂದ ನಿಮ್ಮ ಮಿಷನ್ ತಡೀತದೇನು ನೋಡೋಣ."

ನೆಲ್ಲು ಇಳಿಯುವ ಬಾಯಿಯಲ್ಲಿದ್ದ ಅಯಸ್ಕಾಂತವನ್ನು ಬಿಚ್ಚಿ ಹಮಾಲರು ಹೊತ್ತು ತಂದರು. ಕಲ್ಲುಬಂಡೆಯಂಥ ಅಯಸ್ಕಾಂತ. ಅದನ್ನು ಕಂಡದ್ದೇ ನನಗೆ ಒಂದು ವಿಷಯ ಹೊಳೆಯಿತು.

"ಸಾಹುಕಾರ್ರ, ದೂರದಿಂದ ತೋರಸ್ರಿ ಸಾಕು. ಹತ್ರ ತರಬ್ಯಾಡ್ರಿ."

"ಯಾಕ, ಅಂಜಿಕಿ ಏನು?"

"ಮಿಷನ್ನಿಗಲ್ರೀ, ನಿಮ್ಮ ಮ್ಯಾಗ್ನೆಟ್ಟಿಗೆ."

ಸಾಹುಕಾರರು ಗಹಗಹಿಸಿ ನಕ್ಕರು. "ತರ್ರಲೇ ಹತ್ರ!"

ಅಯಸ್ಕಾಂತವನ್ನು ತಡೆಯುವುದೆಂದರೆ, ಒಳಗೆ ಹೋಗುವುದನ್ನೆಲ್ಲ ಹೊರಗಿನ ಕಬ್ಬಿಣವೇ ತನ್ನ ಮೈಮೇಲೆ ಎಳೆದುಕೊಳ್ಳುವುದು. ಸಿಟ್ಟಿನಲ್ಲಿ ನಾನು ಹಾಕಿಸಿದ್ದು ಅಂಥ ದಪ್ಪ ಕಬ್ಬಿಣ. ಇನ್ನೂ ಒಂದು ಮೊಳ ದೂರ ಇರುವಾಗಲೇ ಅಯಸ್ಕಾಂತ ಹಮಾಲರ ಕೈ ತಪ್ಪಿಸಿಕೊಂಡು ಹಾರಿ ಹೋಗಿ ಕವಚಕ್ಕೆ ಬಡಿಯಿತು. ಢಣ್! ಗಿರಣಿಯ ಪಾರಿವಾಳಗಳೆಲ್ಲ ಎದ್ದವು.

ಎಲ್ಲರೂ ಬಲ್ಬು ನೋಡಿದರು. ಬಲ್ಬು ಅಲುಗಲಿಲ್ಲ. ನಾನು ಗೋಡೆ ಹಿಡಿದು ನಿಂತೆ. ಇಷ್ಟು ದಿನ ಕಾಗದದ ಮೇಲೆ ಗೀಚಿದ್ದು ನಿಜವಾಗಿ ನಿಂತಿತ್ತು.

ಸಾಹುಕಾರರು ಮಾತ್ರ ಕುರ್ಚಿಯಿಂದ ಏಳಲಿಲ್ಲ. "ಛಲೋ ಅದ್ರೀ. ಆದ್ರ ಈಗೇನು ಅವಸರ ಇಲ್ಲ. ಮುಂದಿನ ಸುಗ್ಗಿಗೆ ನೋಡೋಣ. ಸದ್ಯಾಕ ಒಯ್ರಿ. ಏ, ಮ್ಯಾಗ್ನೆಟ್ ತಗೀರಲೇ!"

ಹಮಾಲರು ಎಳೆದರು. ಬರಲಿಲ್ಲ. ಹಾರೆ ಹಾಕಿ ಮೀಟಿದರು, ಹಾರೆ ಅಂಟಿಕೊಂಡಿತು. ಹಾರೆ ಬಿಡಿಸಲು ಮಿಸ್ತ್ರಿ ದೊಡ್ಡ ಸ್ಪ್ಯಾನರ್ ತಂದ, ಅದೂ ಹೋಯಿತು. "ಒಂದಕ್ಕೂ ಅಕಲ್ ಇಲ್ಲ, ಸರೀರಿ" ಎಂದು ಬೈಯುತ್ತ ಸಾಹುಕಾರರೇ ಎದ್ದು ಬಂದು ಬಗ್ಗಿ ನೋಡಿದರು. ಅವರ ಸೊಂಟದ ಬೆಳ್ಳಿ ಉಡದಾರಕ್ಕೆ ತಿಜೋರಿ, ಗೋದಾಮು ಎಲ್ಲದರ ಬೀಗದ ಕೈ ಗೊಂಚಲು ಕಟ್ಟಿತ್ತು. ಕಬ್ಬಿಣದ ಹಳೇ ಕಾಲದ ಕೈಗಳು. ಟಣ್ ಎಂದಿತು. ಸಾಹುಕಾರರು ಹೊಟ್ಟೆ ಸಮೇತ ಜನರೇಟರಿಗೆ ಅಂಟಿ ನಿಂತರು.

ಅವರ ಎದುರಿಗೆ ಯಾರೂ ನಗಲಿಲ್ಲ. ಆಮೇಲೆ ಹಮಾಲರು ಒಬ್ಬೊಬ್ಬರೇ ಚೀಲಗಳ ಮರೆಗೆ ಹೋಗಿ ನಕ್ಕು ಬಂದರು.

"ಉಡದಾರ ಬಿಚ್ಚಿಬಿಡ್ರಿ ಸಾಹುಕಾರ್ರ" ಅಂದೆ.

"ಕೊಂಡಿ ಬೆಸಿಗಿ ಹಾಕಿದ್ದದ. ಬಿಚ್ಚಾಕ ಬರಂಗಿಲ್ಲ."

"ಹಂಗಾರ ಕತ್ತರಿಸೋಣ."

ಅಲ್ಲಿಯವರೆಗೆ ದೂರ ಕೂತು ತಂಬಿಗೆಯ ನೀರು ಕುಡಿಯುತ್ತಿದ್ದ ಮಾವನವರು ಗುಡುಗಿದರು. "ಹಾಂ! ಗಂಡಸಿನ ಉಡದಾರ ಯಾವಾಗ ಹರೀತಾರ ಗೊತ್ತದೇನು? ಸತ್ತಾಗ! ಹಬ್ಬ ಮುಂದಿಟ್ಕೊಂಡು ಅಪಶಕುನ ಆಡಬ್ಯಾಡ."

"ಬ್ಯಾಡ ಬ್ಯಾಡ್ರೀ!" ಸಾಹುಕಾರರು ಎರಡೂ ಕೈಯಿಂದ ಉಡದಾರ ಹಿಡಿದುಕೊಂಡರು. ಬೆವರು ಇಳಿಯುತ್ತಿತ್ತು. "ಮತ್ತೇನ್ ಮಾಡೋಣ್ರೀ ಅಕ್ಕಾರ? ಮ್ಯಾಗ್ನೆಟ್ ಇಲ್ಲದ ಗಿರಣಿ ನಡಸಾಕ ಬರಂಗಿಲ್ಲ, ಮೊಳಿ ಹೊಕ್ಕು ರೋಲರ್ ಹಾಳಾಗ್ತಾವ."

ನಾನು ಇದ್ದದ್ದು ಇದ್ದಂತೆ ಹೇಳಿದೆ. "ಗ್ಯಾಸ್ ಕಟರ್ ಹಚ್ಚಿ ಕವಚ ಕೊಯ್ದ್ರ ನಿಮ್ಮ ಮ್ಯಾಗ್ನೆಟ್ ಬರ್ತದ. ಆದ್ರ ಮಿಷನ್ ಹಾಳಾಗ್ತದ, ಹಾಳಾದದ್ದನ್ನ ನೀವೇ ಇಟ್ಕೋಬೇಕು. ಕೊಯ್ಯದಿದ್ರ, ಮ್ಯಾಗ್ನೆಟ್ ಇದ್ದಲ್ಲೇ ಮಿಷನ್ ಇರಬೇಕು."

ಸಾಹುಕಾರರು ಲೆಕ್ಕ ಹಾಕಿದರು. "ಅಂದ್ರ ಹೆಂಗ್ ಮಾಡಿದ್ರೂ ಮಿಷನ್ ನನ್ನ ಕೊರಳಿಗೇ?"

"ಕೊರಳಿಗಲ್ರೀ ಧಣಿ" ಅಂದ ಮಿಸ್ತ್ರಿ. "ಸೊಂಟಕ್ಕ."

ಕೊಂಡರು. ಅಂಟಿ ನಿಂತಲ್ಲೇ ಮಾತು ಮುಗಿಸಿದರು. ಚೌಕಾಶಿ ಮಾಡುವ ಭಂಗಿ ಅದಾಗಿರಲಿಲ್ಲ. ಆಮೇಲೆ ಮಿಸ್ತ್ರಿ ಕಟ್ಟಿಗೆಯ ಬೆಣೆ ಬಡಿದು ಒಂದೊಂದೇ ಬೀಗದ ಕೈ ಸರಿಸಿ ಅವರನ್ನು ಬಿಡಿಸಿದ. ಅಯಸ್ಕಾಂತ ಮಾತ್ರ ಅಲ್ಲೇ ಉಳಿಯಿತು. ನೆಲ್ಲು ಇಳಿಯುವ ಬಾಯಿಯನ್ನೇ ಜನರೇಟರಿನ ಮಗ್ಗುಲಿಗೆ ತಿರುಗಿಸಿಕೊಂಡರು.

ವಾಪಸ್ ಬರುವಾಗ ಮಾವನವರನ್ನು ಕೆಣಕಿದೆ. "ಮೈಲಿಗಿ ಮೈಮ್ಯಾಲೇ ಬಂದು ಕೂತಿತಲ್ಲ ಮಾವನವರ. ಮಡಿ ಕೆಟ್ಟಿತಲ್ಲ?"

"ಕೆಡೋದೇನು ಬಂತು? ಅಪ್ಪಿಕೊಂಡವ ಹೊರಗಿನವ. ಒಳಗಿನವ ಅಲುಗಲಿಲ್ಲ, ಬಲ್ಬ್ ನೋಡಲಿಲ್ಲೇನು? ಅದೇ ಖರೇ ಮಡಿ. ನಿಮ್ಮತ್ತಿಗೂ ಇಷ್ಟು ಸಾಧ್ಯ ಆಗಿರಲಿಲ್ಲ" ಎಂದು ತಂಬಿಗೆಯಲ್ಲಿ ಉಳಿದ ನೀರು ಕುಡಿದು, "ಶೆಡ್ ನಿಂದವಾ" ಅಂದರು. ಭಜನಾ ಮಂಡಳಿಯವರು ಜಮಖಾನೆ ಒಯ್ಯಲಿಲ್ಲ. ಶನಿವಾರ ಸಂಜೆ ಬಂದು ಹಾಡುತ್ತಾರೆ, ತಯಾರಾಗುತ್ತಿರುವ ಮುಂದಿನ ಮಿಷನ್ನಿಗೆ ಒರಗಿ ಮೊಣಕಾಲು ಕಾಸಿಕೊಳ್ಳುತ್ತಾರೆ, ಹೋಗುತ್ತಾರೆ.

ಕಥೆ ಇಲ್ಲಿಗೇ ಮುಗಿದಿದ್ದರೆ ನಾನು ನೆಮ್ಮದಿಯಿಂದ ಇರುತ್ತಿದ್ದೆ. ಹಬ್ಬ ಮುಗಿದ ಮೇಲೆ ದೇವದುರ್ಗದ ಜಿನ್ನಿಂಗ್ ಮಿಲ್ಲಿನ ಮಾಲೀಕರ ಫೋನ್ ಬಂತು, ಅದೇ ರೊಟ್ಟಿ ತಿಂದವರದು.

"ಅಕ್ಕಾರ, ಮಾನ್ವಿ ಸಾಹುಕಾರ್ರ ಗಿರಣಿ ನೋಡಿ ಬಂದೆ. ಬಲ್ಬ್ ಒಂಚೂರು ಅಲಗಂಗಿಲ್ಲ. ನಮಗೂ ಅಂಥಾದ್ದ ಬೇಕು, ಮ್ಯಾಲೆ ಮ್ಯಾಗ್ನೆಟ್ ಇರೋದು."

"ರೀ, ಮ್ಯಾಗ್ನೆಟ್ಟಿನ ಕಾಟ ತಪ್ಪಲಿ ಅಂತನ ಆ ಮಿಷನ್ ಮಾಡೀನಿ. ಅದು ಅಲ್ಲಿ ತಪ್ಪಿ ಅಂಟಿಕೊಂಡದ್ದು."

"ನನಗೇನು ತಿಳಿಯಂಗಿಲ್ಲೇನ್ರೀ? ಅವರಿಗೆ ಹಾಕಿ ಕೊಟ್ಟೀರಿ, ನಮಗ ಇಲ್ಲಂತೀರಿ. ಮ್ಯಾಗ್ನೆಟ್ ಇಲ್ಲದ್ದು ನನಗ ಬ್ಯಾಡ. ಮತ್ತ ಇನ್ನೊಂದು ಮಾತು. ಹಂಚು ಇಲ್ಲದ್ದು ತಂದ್ರ ನಮ್ಮ ಹೆಣ್ಣಾಳು ಮಿಲ್ಲಿನೊಳಗ ಇಳಸಾಕ ಬಿಡಂಗಿಲ್ಲಂತ."

ಈಗ ನನ್ನ ಹೊಸ ಡಿಸೈನ್ ನೋಡಿದ ಇಂಜಿನಿಯರುಗಳು ತಲೆ ಕೆರೆದುಕೊಳ್ಳುತ್ತಾರೆ. ಒಳಗೆ ಮಡಿಯಲ್ಲಿ ಬೋರ್ಡು, ಸುತ್ತ ದಪ್ಪ ಕಬ್ಬಿಣದ ಕವಚ, ಕವಚದ ನೆತ್ತಿಯ ಮೇಲೆ ಒಂದು ಅಯಸ್ಕಾಂತ. ಮಗ್ಗುಲಲ್ಲಿ ಚಿಟ್ಟೆ ನಟ್ಟು ಹಾಕಿ ಕೂಡಿಸಿದ, ಕೈಯಿಂದಲೇ ಬಿಚ್ಚಲು ಬರುವ ಒಂದು ದುಂಡನೆಯ ತಟ್ಟೆ. ಇದು ಯಾತಕ್ಕೆ ಎಂದು ಎಲ್ಲರೂ ಕೇಳುತ್ತಾರೆ. ಅದನ್ನು ಬಿಚ್ಚಿದರೆ ಜನರೇಟರಿಗೆ ಏನೂ ಆಗುವುದಿಲ್ಲ. ಅದು ಇಲ್ಲದಿದ್ದರೆ ಜನರೇಟರ್ ಮಾರಾಟವೇ ಆಗುವುದಿಲ್ಲ.